ಕಾರಿನ ಗಾಜಿಗೆ ಕೀಲೆಣ್ಣೆ

ಮನೆಯ ಕಿಟಕಿಗೆ ಎರಡು ಕದ, ಒಂದು ಚಿಲಕ. ತಳ್ಳಿದರೆ ತೆರೆಯುತ್ತದೆ, ಎಳೆದರೆ ಮುಚ್ಚುತ್ತದೆ. ಇದನ್ನು ಕಲಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ನಾನು ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟವಳು, ನನಗೂ ಬರುತ್ತದೆ. ಆದರೆ ಕಾರು ಕಂಡುಹಿಡಿದ ಮಹಾನುಭಾವರಿಗೆ ಇಷ್ಟು ಸರಳವಾದದ್ದು ಒಪ್ಪಿಗೆಯಾಗಲಿಲ್ಲ. ಗಾಜನ್ನು ಬಾಗಿಲಿನ ಹೊಟ್ಟೆಯೊಳಗೆ ಇಳಿಸಬೇಕಂತೆ, ಮತ್ತೆ ಮೇಲೆತ್ತಲು ಒಂದು ಹಿಡಿಕೆಯನ್ನು ಗರಗರ ತಿರುಗಿಸಬೇಕಂತೆ. ಅವರ ಮನೆಯ ಹೆಂಗಸರಲ್ಲಿ ಒಬ್ಬರಾದರೂ ‘ಇದೇನ್ರೀ, ಗಾಳಿ ಬೇಕಂದ್ರ ಬೀಸೋ ಕಲ್ಲು ತಿರುವಬೇಕೇನು’ ಎಂದು ಕೇಳಲಿಲ್ಲವೇ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಈ ಸಿಟ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಏಕೆಂದರೆ ಮುಂದೆ ಹೇಳಬೇಕಾದದ್ದು ನನ್ನದೇ ತಪ್ಪು. ಸಿಟ್ಟಿನ ಬಲವಿಲ್ಲದೆ ಅದು ಬಾಯಿಂದ ಹೊರಡುವುದಿಲ್ಲ.

ನನ್ನ ತಮ್ಮ ಶರಣಪ್ಪ ಆಗ ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರಿಯೊಬ್ಬರ ಅಂಗಡಿಯ ಗುಮಾಸ್ತ. ಅವನಿಗೆ ಮದುವೆಯಾಗಿರಲಿಲ್ಲ, ನನಗೆ ಆಗಿದ್ದೂ ಇಲ್ಲದಂತಾಗಿತ್ತು. ಹೀಗಾಗಿ ಅವನಿಗೆ ಅಡುಗೆ ಮಾಡಿ ಹಾಕುತ್ತ ಅವನ ಮನೆಯಲ್ಲೇ ಇದ್ದೆ. ಸಾಹುಕಾರರ ಗೋದಾಮಿನ ಮೂಲೆಯಲ್ಲಿ, ಗೋಣಿಚೀಲಗಳ ಕೆಳಗೆ, ಅವರ ಅಪ್ಪನ ಕಾಲದ ವಿಲಾಯಿತಿ ಕಾರೊಂದು ಬಹಳ ವರ್ಷಗಳಿಂದ ಮಲಗಿತ್ತು. ಸುಗ್ಗಿಯಲ್ಲಿ ಚೀಲ ಒಟ್ಟಲು ಜಾಗ ಸಾಲದಾದಾಗ ಸಾಹುಕಾರರು, “ಒಯ್ಯಪ್ಪಾ ಶರಣಪ್ಪಾ, ನಿನಗ ಮಷೀನಿನ ಹುಚ್ಚು ಅದ” ಎಂದು ಕೊಟ್ಟುಬಿಟ್ಟರು. ಎಮ್ಮೆ ಕೊಟ್ಟಿದ್ದರೆ ಹಾಲಾದರೂ ಕರೆಯುತ್ತಿತ್ತು. ರೋಜಾ ಓಣಿಯ ಹಿಂದಿನ ಗಲ್ಲಿಯಲ್ಲಿ ಗ್ಯಾರೇಜು ಇಟ್ಟಿದ್ದ ಖಾಸಿಂ ಭಾಯಿ ಪ್ರತಿ ಭಾನುವಾರ ನಮ್ಮ ಅಂಗಳಕ್ಕೆ ಬರತೊಡಗಿದರು. ಇಬ್ಬರೂ ಕಾರಿನ ಕೆಳಗೆ ಹೋಗಿ ಮಲಗಿದರೆ ಎರಡು ಜೊತೆ ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲುಗಳ ಹತ್ತಿರ ಚಹಾ ಇಡುತ್ತ ನಾನು ಎರಡು ವರ್ಷ ಕಳೆದೆ. ಅಪ್ಪ ಸತ್ತ ಮೇಲೆ ನನ್ನ ತಮ್ಮ ಅಷ್ಟು ನಕ್ಕದ್ದನ್ನು ನಾನು ಕೇಳಿದ್ದು ಆ ಕಾರಿನ ಕೆಳಗಿನಿಂದಲೇ.

ಎಂಜಿನ್ನು ಜೀವ ಹಿಡಿಯಿತು, ಗಾಜುಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಖಾಸಿಂ ಭಾಯಿ ಬಾಗಿಲಿನ ಒಳಹಲಗೆ ಬಿಚ್ಚಿದಾಗ ಮೊರದ ತುಂಬ ತೊಗರಿ ಹೊಟ್ಟು ಬಿತ್ತು. ಗಾಜು ಎತ್ತುವ ಹಲ್ಲುಚಕ್ರದ ಮೇಲಿನ ಹಳೇ ಗ್ರೀಸು ಒಣಗಿ ಬೆಲ್ಲದ ಪಾಕದಂತೆ ಕಲ್ಲಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಚಕ್ರಕ್ಕೆ ಹೊಸ ಗ್ರೀಸು ಕೊಟ್ಟು, ಗಾಜು ಜಾರುವ ಸಂದಿಗೆ ಹೊಸ ಉಣ್ಣೆಪಟ್ಟಿ ಕೂರಿಸಿದರು. ಆದರೂ ಗಾಜು ಬಿಗಿಯಾಗಿಯೇ ಇತ್ತು.

“ಪಟ್ಟಿ ಹೊಸಾದು ಅಕ್ಕಾ, ಎಂಟ್ ದಿನ ಬಿಗಿ ಇರ್ತದ. ದಿನಾ ನಾಕ್ ಸಲ ಇಳಿಸಿ ಏರಿಸ್ರಿ, ತಾನೇ ಸಡ್ಲ ಆಗ್ತದ. ಆದ್ರ ಆ ಪಟ್ಟಿಗೆ ಎಣ್ಣಿ-ಗಿಣ್ಣಿ ತೋರಿಸಬ್ಯಾಡ್ರಿ. ಭಾಳಾದ್ರ ಮುಖಕ್ಕ ಹಚ್ಚೋ ಪೌಡರ್ ಉದುರಿಸ್ರಿ” ಎಂದರು ಖಾಸಿಂ ಭಾಯಿ.

ನನ್ನ ಮುಖವೇ ಪೌಡರು ಕಂಡಿರಲಿಲ್ಲ, ಇನ್ನು ಕಾರಿಗೆ ಪೌಡರು. ಎಂಟು ದಿನ ಕಾಯಲು ಸಮಯವಾದರೂ ಎಲ್ಲಿತ್ತು? ಮೂರನೇ ದಿನಕ್ಕೆ ಕಮಲಾಪುರದಲ್ಲಿ ನಮ್ಮ ಕಾಕಾನ ಮಗಳ ಮದುವೆ. ಮದುಮಕ್ಕಳ ಮೆರವಣಿಗೆ ಈ ಕಾರಿನಲ್ಲೇ ಎಂದು ಶರಣಪ್ಪ ಊರಿಗೆಲ್ಲ ಮಾತು ಕೊಟ್ಟಿದ್ದ. ನಾನು ಬಂಡಿಯ ಮನೆಯಲ್ಲಿ ಹುಟ್ಟಿದವಳು. ಕಿರುಗುಟ್ಟುವುದು, ಬಿಗಿಯುವುದು, ಸಿಕ್ಕಿಕೊಳ್ಳುವುದು, ಯಾವುದೇ ಇರಲಿ, ನಮ್ಮಲ್ಲಿ ಅದಕ್ಕೆ ಒಂದೇ ಮದ್ದು, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ. ಔಡಲ ಎಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಅಪ್ಪ ಮಾಡುತ್ತಿದ್ದಂತೆಯೇ ಮಾಡಿ ನಾನೂ ಒಂದು ಡಬ್ಬಿ ಇಟ್ಟುಕೊಂಡಿದ್ದೆ. ತಮ್ಮ ಅಂಗಡಿಗೆ ಹೋದ ಮೇಲೆ ಹಿತ್ತಾಳೆ ಚಮಚದ ತುದಿಯಿಂದ ನಾಲ್ಕೂ ಬಾಗಿಲಿನ ಪಟ್ಟಿಗೆ ತುಂಬಿದೆ. ಗಾಜು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಸಂಜೆ ಶರಣಪ್ಪ ಹಿಡಿಕೆ ತಿರುಗಿಸಿ ನೋಡಿ, “ಖಾಸಿಂ ಭಾಯಿ ಕೈಯಾಗ ಜಾದೂ ಅದ ನೋಡಕ್ಕಾ” ಎಂದ. ನನ್ನನ್ನು ಹೊಗಳಿದ್ದರೆ ಆಗಲೇ ಎಲ್ಲ ಹೇಳಿಬಿಡುತ್ತಿದ್ದೆ. ಹೊಗಳಲಿಲ್ಲ.

ಕಮಲಾಪುರದ ದಾರಿಯ ಧೂಳನ್ನು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಹೋಗುವಾಗ ಗಾಜು ಇಳಿಸಿಕೊಂಡು ಗಾಳಿ ಕುಡಿಯುತ್ತ ಹೋದೆವು. ದಾರಿಯುದ್ದಕ್ಕೂ ಎದ್ದ ಧೂಳು ಆ ಎಣ್ಣೆಯೊಳಗೆ ಹೋಗಿ ಕೂತಿತು. ಮೆರವಣಿಗೆಯಲ್ಲಿ ಗುಡಿಯ ಮುಂದೆ ಹುಡುಗರು ಪಟಾಕಿಯ ಸರ ಹಚ್ಚಿದಾಗ ಯಾರೋ ಗಾಜು ಏರಿಸಿ ಎಂದು ಕೂಗಿದರು. ನಾಲ್ಕೂ ಕಡೆ ನರಳುತ್ತ ಏರಿದವು. ಮತ್ತೆ ಇಳಿಯಲಿಲ್ಲ. ವೈಶಾಖದ ನಡು ಮಧ್ಯಾಹ್ನ, ಒಳಗೆ ಬಾಸಿಂಗ ಕಟ್ಟಿದ ಮದುಮಗ, ಮಡಿಲಕ್ಕಿ ಹೊತ್ತ ಮದುಮಗಳು, ನಡುವೆ ನಾನು. ಮದುಮಗ ತನ್ನ ಗಂಡಸುತನವನ್ನೆಲ್ಲ ಕೂಡಿಸಿ ತಿರುಗಿಸಿದ. ಹಿಡಿಕೆ ಮುರಿದು ಅವನ ಕೈಗೇ ಬಂತು. ಅದನ್ನು ಮದುವೆಯ ಉಡುಗೊರೆಗೆ ಬಂದ ಆಹೇರಿಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ನನ್ನ ಮುಖ ನೋಡಿದ. ಕಡೆಗೆ ನಾಲ್ಕೂ ಬಾಗಿಲು ತೆರೆದು, ಒಂದೊಂದನ್ನು ಒಬ್ಬೊಬ್ಬ ಬೀಗರು ಹಿಡಿದು ನಡೆಯುತ್ತ ಮೆರವಣಿಗೆ ಸಾಗಿತು. “ಶರಣಪ್ಪಾ, ಕಾರಿಗಿ ನಾಕ್ ಆಳು ಪಗಾರಕ್ಕಿಟ್ಟೀ ಏನು?” ಎಂದು ಕಾಕಾ ಕೇಳಿದಾಗ ನನ್ನ ತಮ್ಮ ಕೂತಲ್ಲೇ ಕುಗ್ಗಿ ಇಷ್ಟಾದ.

ಮರುದಿನ ಕಾರನ್ನು ಗ್ಯಾರೇಜಿಗೆ ಒಯ್ದವನು ಕಪ್ಪಿಟ್ಟ ಮುಖ ಹೊತ್ತು ಬಂದ. “ಕೆಟ್ಟ ಗ್ರೀಸ್ ಹಾಕ್ಯಾನ. ಇನ್ನ ಆ ಮನುಷ್ಯಾನ ಹೆಸರು ಈ ಮನ್ಯಾಗ ಬ್ಯಾಡ” ಎಂದ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಇನ್ನೂ ಜೋರಾಗಿ ಬಡಿದೆ. ಆ ಭಾನುವಾರ ಖಾಸಿಂ ಭಾಯಿ ಬರಲಿಲ್ಲ, ಮುಂದೆ ಯಾವ ಭಾನುವಾರವೂ ಬರಲಿಲ್ಲ. ಶರಣಪ್ಪ ಕಾರಿಗೆ ತಾಡಪತ್ರಿ ಹೊದಿಸಿ, ಅಂಗಳದಲ್ಲಿ ಹಳೇ ಪೇಪರು ಹಿಡಿದು ಕೂರುತ್ತಿದ್ದ. ರಂಜಾನ್ ಹಬ್ಬಕ್ಕೆ ಅವರ ಮನೆಯ ಶಾವಿಗೆಯ ಸುರಕುಂಬಾ ಬರಲಿಲ್ಲ, ನಮ್ಮ ಹೋಳಿಗೆ ಅಲ್ಲಿಗೆ ಹೋಗಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು. ಪಟಾಕಿ ಹಚ್ಚಿದ ಹುಡುಗರ ಮೇಲೆ, ಜಟ್ಟಿಯಂತೆ ಹಿಡಿಕೆ ತಿರುವಿದ ಮದುಮಗನ ಮೇಲೆ, ‘ಎಣ್ಣಿ-ಗಿಣ್ಣಿ ತೋರಿಸಬ್ಯಾಡ್ರಿ’ ಎಂದು ಮೆತ್ತಗೆ ಹೇಳಿದ ಖಾಸಿಂ ಭಾಯಿ ಮೇಲೆ. ಅಷ್ಟು ಮುಖ್ಯವಾದ ಮಾತನ್ನು ಗದರಿಸಿ ಹೇಳಬಾರದಿತ್ತೇ? ಹೀಗೆ ಎಲ್ಲರನ್ನೂ ಬೈದು ಮುಗಿಸಲು ಏಳು ತಿಂಗಳು ಹಿಡಿಯಿತು. ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ. ಆವತ್ತೇ ರೋಜಾಕ್ಕೆ ಹೋದೆ.

“ಖಾಸಿಂ ಭಾಯಿ, ಎಣ್ಣಿ ಹಚ್ಚಿದಾಕಿ ನಾ” ಎಂದೆ.

ಅವರು ಕೈ ಒರೆಸಿಕೊಳ್ಳುತ್ತಲೇ, “ಮಾಲೂಮ್ ಅದ ಅಕ್ಕಾ” ಎಂದರು. “ಬಾಗಿಲ ಬಿಚ್ಚಿದ ಕೂಡ್ಲೇ ವಾಸನಿ ಬಂತು. ಶರಣಪ್ಪಗ ತೋರಿಸೀನಿ. ಅವನೂ ಮೂಸಿ ನೋಡ್ಯಾನ. ಬಂಡಿ ಎಣ್ಣಿ ಅಂತ ಅವನೇ ಅಂದ. ಅಂದು, ಮತ್ತ ನನ್ನ ಮ್ಯಾಲೇ ಒದರ‍್ಯಾಡಿ ಹೋದ. ನಿಮ್ಮ ಮನಿ ಜಗಳಕ್ಕ ನಾ ಯಾಕ್ರೀ ಮಾರಿ ಒಡ್ಡಲಿ?”

ನನಗೆ ಬಂದ ಸಿಟ್ಟಿಗೆ ರೋಜಾದಿಂದ ಮನೆಯವರೆಗೆ ರಿಕ್ಷಾ ಕೂಡ ಹಿಡಿಯದೆ ನಡೆದೆ. “ನಿನಗ ಮೊದ್ಲೇ ಗೊತ್ತಿತ್ತೇನೋ?” ಎಂದು ತಮ್ಮನನ್ನು ಹಿಡಿದು ಕೇಳಿದೆ.

“ಗೊತ್ತಿತ್ತು.”

“ಮತ್ತ ನನ್ನ ಬಿಟ್ಟು ಅವರಿಗ್ಯಾಕ ಬೈದಿ?”

“ನಿನಗ ಬೈದು ಊಟ ಎಲ್ಲಿ ಮಾಡ್ಲಿ?” ಎಂದ. ಕೈಯಲ್ಲಿದ್ದ ಪೇಪರು ಮಡಚಿಟ್ಟ. “ನೀನೇ ಹೇಳ್ತಿ ಅಂತ ಕಾದೆ ಅಕ್ಕಾ. ಇವತ್ತ್ ಹೇಳ್ತಾಳ, ನಾಳೆ ಹೇಳ್ತಾಳ ಅಂದ್ಕೊಂಡೆ. ಕಾಯ್ತಾ ಕಾಯ್ತಾ ನನ್ನ ಸುಳ್ಳೂ ನಿನ್ನದರಷ್ಟೇ ದೊಡ್ಡದಾಯ್ತು.”

ಮುಂದಿನ ಭಾನುವಾರ ಇಬ್ಬರೂ ಕಾರು ತೆಗೆದುಕೊಂಡು ಗ್ಯಾರೇಜಿಗೆ ಹೋಗಿ, ಯಾರು ಮೊದಲು ಬಾಯಿ ಬಿಡಬೇಕೆಂದು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತ ನಿಂತೆವು. ಖಾಸಿಂ ಭಾಯಿ ನಗಲಿಲ್ಲ. ನಾಲ್ಕೂ ಬಾಗಿಲು ಬಿಚ್ಚಿ, ನನ್ನ ಮುಂದೆ ಸೀಮೆಎಣ್ಣೆ ಡಬ್ಬಿ, ಹಳೇ ಬಟ್ಟೆ ಇಟ್ಟರು. “ಹಚ್ಚಿದವ್ರೇ ತೆಗೀರಿ. ಆಮ್ಯಾಲ ಮಾತಾಡೋಣು.” ತಮ್ಮನಿಗೆ ಚಹಾ ತರುವ ಕೆಲಸ ಹೇಳಿದರು. ನಾನು ಬೆಳಗಿನಿಂದ ಸಂಜೆಯತನಕ ಉಜ್ಜಿದೆ. ಎರಡು ಬಾಗಿಲು ಮುಗಿಯುವಷ್ಟರಲ್ಲಿ ಉಗುರುಗಳು ಕಪ್ಪಾದವು. ಹಿಂದೆ ಬೆಂಚಿನ ಮೇಲೆ ಇಬ್ಬರೂ ಮೊದಲು ಸುಮ್ಮನೆ, ಆಮೇಲೆ ಒಂದೊಂದು ಮಾತು, ಆಮೇಲೆ ಕಾರ್ಬೊರೇಟರಿನ ಬಗ್ಗೆ ವಾದ ಮಾಡುತ್ತಿದ್ದದ್ದು ಕೇಳಿಸಿತು. ವಾದದ ನಡುವೆ ಶರಣಪ್ಪ ನಕ್ಕ.

ಮೂರನೇ ಬಾಗಿಲಿನ ಹೊತ್ತಿಗೆ ಖಾಸಿಂ ಭಾಯಿ ಬಂದು ಬಗ್ಗಿ ನೋಡಿ, ಉಗುರಿನಿಂದ ಕೆರೆದರು. “ಏನ್ ಎಣ್ಣಿ ಅದರೀ ಅಕ್ಕಾ ಇದು. ಕಂಪನಿ ಗ್ರೀಸ್ ಸುದ್ದಾ ಇಷ್ಟ್ ಗಟ್ಟಿ ಹಿಡಿಯಲ್ಲ.”

ನಾನು ತಲೆ ತಗ್ಗಿಸಿ ಕ್ಷಮೆ ಕೇಳಬೇಕಾದ ಗಳಿಗೆ ಅದು. ಕೇಳಲೆಂದೇ ಬಾಯಿ ತೆರೆದೆ. “ಔಡಲ ಎಣ್ಣಿ ಗಾಣದ್ದೇ ಆಗಬೇಕ್ರೀ” ಎಂದು ಶುರು ಮಾಡಿದವಳು, ಹುಲ್ಲಿನ ಕರಿಯನ್ನು ಎಷ್ಟು ಸಲ ಸೋಸಬೇಕು ಎನ್ನುವಲ್ಲಿಗೆ ಬಂದಾಗ ಶರಣಪ್ಪ ಎದ್ದು ಬಂದು, ನನ್ನ ಕೈಯಿಂದ ಜಾರಿದ್ದ ಬಟ್ಟೆಯನ್ನು ಎತ್ತಿ ಮತ್ತೆ ಕೈಯಲ್ಲಿಟ್ಟು ಹೋದ.