ನಡುನೀರಿನಲ್ಲಿ ನಿಂತ ಎಂಜಿನ್

ಹೊಲದ ಪಂಪ್‌ಸೆಟ್ ಕೆಟ್ಟರೆ ಬೇವಿನ ಗಿಡದ ನೆರಳಲ್ಲಿ ಕೂತು, ಚಹಾ ಕುಡಿಯುತ್ತ ರಿಪೇರಿ ಮಾಡಬಹುದು. ದೋಣಿಯ ಎಂಜಿನ್ ಹಾಗಲ್ಲ, ಅದು ಕೆಡುವುದೇ ನಟ್ಟನಡು ನೀರಿನಲ್ಲಿ. ಕಮತಗಿಯಲ್ಲಿ ನನ್ನದೊಂದು ಡೀಸೆಲ್ ಎಂಜಿನ್ ರಿಪೇರಿ ಅಂಗಡಿ. ಬಾಗಲಕೋಟೆ ಕಡೆಯ ಹಿನ್ನೀರಿನಲ್ಲಿ ಜನರನ್ನು ಈ ದಂಡೆಯಿಂದ ಆ ದಂಡೆಗೆ ಸಾಗಿಸುವ ದೋಣಿಯವನೊಬ್ಬ ನನ್ನ ಕಾಯಂ ಗಿರಾಕಿ. ಅವನ ಎಂಜಿನ್ನಿಗೆ ಒಂದೇ ರೋಗ, ಟ್ಯಾಂಕಿನಿಂದ ಡೀಸೆಲ್ ಬಂದು ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲ ಎಂಬುದು ಮಾತ್ರ ಪ್ರತಿ ಸಲ ಬೇರೆ. ದೋಣಿಯಲ್ಲಿ ಕೂತೇ ಅದನ್ನು ಹುಡುಕಬೇಕು. ನನಗೋ ಈಜು ಬರುವುದಿಲ್ಲ.

ಉಸಿರು

ಮೊದಲ ಸಲ ಕರೆಸಿದಾಗ ದೋಣಿಯವ ಒಂದು ವಿಚಿತ್ರ ಹೇಳಿದ. "ದಂಡಿ ಬಿಟ್ಟಾಗ ಗುಡುಗುಡು ಅಂತ ಹೊಂಡತೈತಿ. ನಡು ಬಂತಂದ್ರ ಬಂದ್. ಆ ಜಾಗದಾಗ ನೀರಾಗ ಮುಳುಗಿದ ಊರೈತ್ರಿ. ಅದಕ್ಕ ಅಂಜತೈತಿ."

"ಎಂಜಿನ್ ಅಂಜೂದಿಲ್ಲಪ, ನಡಿ" ಅಂದೆ. ಅಂಜಿದ್ದು ನಾನು. ದೋಣಿ ತುಂಬ ಸಂತೆಗೆ ಹೊರಟ ಜನ. ಅವನು ತೋರಿಸಿದ ಜಾಗಕ್ಕೇ ಬಂದು ಎಂಜಿನ್ ಕೆಮ್ಮಿತು, ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಪೈಪು ನೋಡಿದೆ, ಫಿಲ್ಟರ್ ನೋಡಿದೆ, ಎಲ್ಲ ಸರಿ ಇತ್ತು. ಕಡೆಗೆ ಟ್ಯಾಂಕು ನೋಡಿದರೆ, ಮಳೆನೀರು ಇಳಿಯಬಾರದೆಂದು ದೋಣಿಯವನ ಹೆಂಡತಿ ಅದರ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿದಂತೆ ಬಿಗಿದು ಕಟ್ಟಿದ್ದಳು. ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋದರೆ ಡೀಸೆಲ್ ಕೆಳಗೆ ಇಳಿಯುವುದಿಲ್ಲ. ಒಳಗಿದ್ದ ಗಾಳಿ ನಡುನೀರಿನ ತನಕ ಸಾಕಾಗುತ್ತಿತ್ತು, ಅಷ್ಟೇ.

ಹಾಳೆ ಬಿಚ್ಚಿದ ಕೂಡಲೇ ಟ್ಯಾಂಕು 'ಸುಸ್ಸ್' ಅಂತ ಗಾಳಿ ಎಳೆದುಕೊಂಡಿತು.

ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಪಾಪ, ಇಷ್ಟೊತ್ತು ಉಸಿರು ಹಿಡ್ಕೊಂಡಿತ್ತೇನೋ ತಮ್ಮಾ?" ಅಂದಳು.

"ಹೌದಬೇ. ಅದರ ಜೋಡಿ ನಾನೂ ಹಿಡ್ಕೊಂಡಿದ್ದೆ" ಅಂದೆ.

ಗಾಳಿ

ಇನ್ನೊಮ್ಮೆ ಮದುವೆಗೆ ಹೊರಟವರ ದೋಣಿ, ಜೊತೆಗೆ ನಾನೂ ಇದ್ದೆ. ದೋಣಿಯವ ಡೀಸೆಲ್ ಪೂರಾ ಖಾಲಿಯಾಗುವ ತನಕ ಓಡಿಸಿ, ಆಮೇಲೆ ಟ್ಯಾಂಕು ತುಂಬಿಸಿದ್ದ. ಹಾಗೆ ಮಾಡಿದರೆ ಪೈಪಿನಲ್ಲಿ ಗಾಳಿ ಸೇರುತ್ತದೆ. ಹಿಡಿಕೆ ಹಾಕಿ ಎಷ್ಟು ತಿರುವಿದರೂ ಎಂಜಿನ್ ಏಳಲಿಲ್ಲ. ದೋಣಿ ತನ್ನಷ್ಟಕ್ಕೆ ತಿರುಗತೊಡಗಿತು. ಅತ್ತ ಅಕ್ಷತೆಯ ಹೊತ್ತು ಹತ್ತಿರವಾಗುತ್ತಿತ್ತು. ವರನ ಸೋದರಮಾವ ನನ್ನ ಬೆನ್ನ ಹಿಂದೆಯೇ ನಿಂತು ಕೇಳಿದರು, "ಏನಾಗೇತ್ರಿ ಅದಕ್ಕ?"

ಅವಸರದಲ್ಲಿ ನನ್ನ ಬಾಯಿಂದ ಬಂತು, "ಗಾಳಿ ಹೊಕ್ಕೈತ್ರಿ."

ನಮ್ಮ ಕಡೆ ಗಾಳಿ ಹೊಕ್ಕೈತಿ ಅಂದರೆ ದೆವ್ವ ಮೆಟ್ಟಿಕೊಂಡಿದೆ ಅಂತಲೂ ಅರ್ಥ. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಒಬ್ಬರು ತುಳಸಿಗೇರಿ ಹನುಮಪ್ಪನಿಗೆ ಕಾಯಿ ಬೇಡಿಕೊಂಡರು. ಹಿರಿಯಳೊಬ್ಬಳು ಮದುವೆ ಉಡುಗೊರೆಯ ಆಯಾರದ ಬುಟ್ಟಿಯಿಂದ ಲಿಂಬಿಹಣ್ಣು ತೆಗೆದು ಎಂಜಿನ್ನಿಗೆ ನಿವಾಳಿಸಿ, ಅದನ್ನು ನೀರಿಗೆ ಎಸೆದಳು. ಅದೇ ಹೊತ್ತಿಗೆ ನಾನು ಪಾನಾ ಹಾಕಿ ಪೈಪಿನ ನಟ್ಟು ಸಡಿಲಿಸಿ, ಗುಳ್ಳೆಗಳೆಲ್ಲ ಹೊರಗೆ ಹೋಗಲು ಬಿಟ್ಟು, ಮತ್ತೆ ಬಿಗಿದಿದ್ದೆ. ಹಿಡಿಕೆ ತಿರುವಿದರೆ ಎಂಜಿನ್ ಎದ್ದೇಬಿಟ್ಟಿತು. ಎಲ್ಲರೂ ಕೈ ಮುಗಿದರು, ಆ ಹಿರಿಯಳಿಗೆ.

ಈಗ ದೋಣಿಯವ ಪಾನಾ ಮರೆತು ಬರುತ್ತಾನೆ, ಲಿಂಬಿಹಣ್ಣು ಮರೆಯುವುದಿಲ್ಲ.

ಇಳಕಲ್ಲಿನಲ್ಲಿ ಫೋನು

ಹೆಂಡತಿಯನ್ನು ಕರೆದುಕೊಂಡು ಇಳಕಲ್ಲಿಗೆ ಸೀರೆ ತರಲು ಹೋಗಿದ್ದೆ. ಅಂಗಡಿಯಲ್ಲಿ ಕೂತಿರುವಾಗ ದೋಣಿಯವನ ಫೋನು ಬಂತು. "ಅಣ್ಣಾ, ನಡುನೀರಾಗ ನಿಂತೈತಿ. ಮಂದಿ ಭಾಳ ಅದಾರ. ಬಿರುಗಾಳಿ ಬ್ಯಾರೆ ಎದ್ದೈತಿ."

ನಾನು ಕೂತಲ್ಲಿಂದಲೇ, "ಮುಂಜಾನಿ ಏನ್ ಕುಡಿಸೀದಿ ಅದಕ್ಕ?" ಎಂದು ಕೂಗಿದೆ.

ಮಳೆಯಲ್ಲಿ ಹೊರಗಿಟ್ಟಿದ್ದ ಕ್ಯಾನಿನ ಡೀಸೆಲ್ ಹಾಕಿದೆ ಅಂದ.

"ಹಂಗಾರ ಒಳಗ ನೀರು ಸೇರೈತಿ. ಅಂಜಬ್ಯಾಡ. ಕೆಳಗಿಂದು ಸಡಿಲ ಮಾಡಿ ನೀರು ಪೂರಾ ತೆಗಿ. ಬಂತು? ಇನ್ನಾ ಬರಲಿ, ಬಿಡು. ಈಗ ಎಬ್ಬಿಸಿ ನೋಡು. ಏಳವಲ್ದು? ಜೀವ ಐತಿ, ಕೈ ಬಿಡಬ್ಯಾಡ. ಮತ್ತೊಮ್ಮೆ ಎಬ್ಬಿಸು. ಎದ್ದಿತು? ಶಿವನ ದಯಾ."

ಫೋನು ಇಟ್ಟು ನೋಡಿದರೆ, ಅಂಗಡಿಯವರು ಅರ್ಧ ಬಿಚ್ಚಿದ ಸೀರೆ ಹಿಡಿದು ಹಾಗೇ ಕೂತಿದ್ದರು. ಎದುರಿಗಿದ್ದ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡು ಕೇಳಿದಳು, "ಜೀವ ಉಳೀತಲ್ಲ, ಅಷ್ಟ ಸಾಕು. ಯಾರಪಾ ಅದು, ನಿಮಗ ಏನಾಗಬೇಕು?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, ಸೀರೆಯ ಸೆರಗಿನಿಂದ ಕಣ್ಣೆತ್ತದೆ ಹೇಳಿದಳು, "ನನ್ನ ಸವತಿ ರೀ ಯವ್ವಾ. ದಿನಾ ಇದ ಪಾಡು."

ನಿಂತ ಹಿರಿಯರು

ಒಂದು ಮುಂಜಾನೆ ತುಂಬು ಬಸುರಿ ಮಗಳನ್ನು ಕರೆದುಕೊಂಡು ಒಬ್ಬ ಹಿರಿಯರು ದೋಣಿ ಹತ್ತಿದರು. ಮಗಳಿಗೆ ಆಗಲೇ ಹೆರಿಗೆ ಬ್ಯಾನಿ ಶುರುವಾಗಿತ್ತು. ರಸ್ತೆ ಭಾಳ ಸುತ್ತು. ನೀರು ದಾಟಿದರೆ ಬಾಗಲಕೋಟೆ ದವಾಖಾನೆ ಹತ್ತಿರ. ಅಂಗಡಿಗೆ ಸಾಮಾನು ತರಲು ಹೊರಟ ನಾನೂ ದೋಣಿಯಲ್ಲಿದ್ದೆ. ಹಿರಿಯರದು ಭಾರೀ ದೇಹ. ಮಗಳನ್ನು ಮಲಗಿಸಿ, ಎಂಜಿನ್ನಿನ ಪಕ್ಕದ ಹಲಗೆಯ ಮೇಲೆ ಕೂತರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ನಿಂತಿತು.

ಹಿರಿಯರು ಗಾಬರಿಯಿಂದ ಎದ್ದು ನಿಂತರು. ದೋಣಿಯವ ಹಿಡಿಕೆ ತಿರುವಿದ. ಎಂಜಿನ್ ಎದ್ದಿತು. "ಪುಣ್ಯಾ ಬಂತು" ಎಂದು ಹಿರಿಯರು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಅವರು ಮತ್ತೆ ಎದ್ದರು. ಮತ್ತೆ ಶುರುವಾಯಿತು. ಅವರು ಕೂತರು, ಅದು ನಿಂತಿತು; ಈ ಸಲ ಅವರು ಮಗಳ ಕೈ ಹಿಡಿದು ಕೂತೇ ಇದ್ದರು. ಅತ್ತ ಆ ಹುಡುಗಿ ತುಟಿ ಕಚ್ಚಿ ನರಳುತ್ತಿದ್ದಳು. ನಾನು ಪಾನಾ ಎತ್ತಿಕೊಂಡೆ. ಟ್ಯಾಂಕಿನ ಮುಚ್ಚಳ ನೋಡಿದೆ, ಫಿಲ್ಟರ್ ಬಿಚ್ಚಿ ನೋಡಿದೆ. ಗಾಳಿ ಇಲ್ಲ, ನೀರೂ ಇಲ್ಲ. ಹಾಗಾದರೆ ಡೀಸೆಲ್ ಎಲ್ಲಿ ನಿಲ್ಲುತ್ತಿದೆ? ಪೈಪಿನ ಗುಂಟ ಕೈಯಾಡಿಸುತ್ತ ಹೋದೆ. ಕೈ ಹಿರಿಯರ ಹಲಗೆಯ ಕೆಳಗೆ ಹೋಗಿ ನಿಂತಿತು. ಅವರ ಭಾರಕ್ಕೆ ಹಲಗೆ ಬಾಗಿ, ರಬ್ಬರ್ ಪೈಪನ್ನು ಅಪ್ಪಚ್ಚಿ ಮಾಡಿತ್ತು. ಅವರಿಗೆ ಧೈರ್ಯ ಬಂದು ಕೂತಾಗ ಡೀಸೆಲ್ ಬಂದ್. ಅಂಜಿ ಎದ್ದಾಗ ಚಾಲೂ.

"ಯಜಮಾನ್ರ, ನೀವು ಕೂಡಬ್ಯಾಡ್ರಿ" ಅಂದೆ. "ನೀವು ಕುಂತ್ರ ಎಂಜಿನ್ ಬಂದ್ ಆಗತೈತಿ."

ನೋವಿನ ನಡುವೆಯೂ ಆ ಹುಡುಗಿಗೆ ನಗು ಬಂತು. "ಅಪ್ಪಾ, ಹಂಗ ನಿಂದ್ರು" ಅಂದಳು. ಅವರು ನನ್ನ ಹೆಗಲು ಹಿಡಿದು ದಂಡೆ ಮುಟ್ಟುವವರೆಗೂ ನಿಂತರು. ಅಷ್ಟು ಭಾರ ಹೊತ್ತು ನಾನೂ ನಿಂತೆ.

ಮನಸ್ಸು ತಡೆಯದೆ ನಾನೂ ಅವರ ಹಿಂದೆ ದವಾಖಾನೆಗೆ ಹೋದೆ. ಮಗಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬೆಂಚು ಖಾಲಿ ಇತ್ತು, ಹಿರಿಯರು ಮಾತ್ರ ಗೋಡೆಗೆ ಕೈಯೂರಿ ನಿಂತೇ ಇದ್ದರು. ನರ್ಸ್ ಬಂದು, "ಎಷ್ಟೊತ್ತು ನಿಂದರ್ತೀರಿ ಯಜ್ಜಾ, ಕೂಡ್ರಿ" ಅಂದಳು.

ಹಿರಿಯರು ನನ್ನ ಕಡೆಗೊಮ್ಮೆ ನೋಡಿ, ಆಕೆಗೆ ತಗ್ಗಿದ ದನಿಯಲ್ಲಿ ಹೇಳಿದರು, "ಕೂಸು ಹೊರಗ ಬರೂತನಾ ನಾ ಕೂಡಂಗಿಲ್ಲವ್ವಾ. ನಾ ಕುಂತ್ರ ಎಲ್ಲಾ ಬಂದ್ ಆಗತೈತಂತ. ಈ ಮಿಸ್ತ್ರಿ ಹೇಳ್ಯಾರ."