ಮೇಷ್ಟ್ರು ಸುಮ್ಮನಾದ ಕ್ಯಾಸೆಟ್ಟು

ಎಡವಟ್ಟುಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ, ಅವೇ ನನ್ನ ಅಂಗಡಿ ಯಾವುದು ಅಂತ ವಿಚಾರಿಸಿಕೊಂಡು ಬರ್ತಿದ್ವು. ಎಂಬತ್ತರ ದಶಕದಲ್ಲಿ ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಭಜನೆ, ಮದುವೆ ಹಾಡು, ತಾಳಮದ್ದಳೆ ಎಲ್ಲಿದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡೋದು, ಬಂದು ಕೇಳಿದವರಿಗೆ ಕಾಪಿ ಹಾಕಿಕೊಡೋದು, ಇಷ್ಟೇ ಕೆಲಸ. ಇಷ್ಟರಲ್ಲಿ ಏನು ತಪ್ಪಾಗ್ತದೆ ಅಂತೀರಾ? ಕೇಳಿ ಹಾಗಾದ್ರೆ.

೧. ಹೂಂ

ಕೆಳದಿ ಕಡೆಯ ಒಬ್ಬಳು ಹುಡುಗಿ ತನ್ನ ಅಜ್ಜಿ ಹೇಳೋ ಕಥೆ ರೆಕಾರ್ಡ್ ಮಾಡಿಸಬೇಕು ಅಂತ ಕರೆಸಿದ್ದಳು. ನಾನು ಮೈಕು ಕೈಯಲ್ಲಿ ಹಿಡಿದು ಕೂತೆ. ಅಜ್ಜಿ, "ಒಂದೂರಲ್ಲಿ ಒಬ್ಬ ರಾಜ ಇದ್ನಂತೆ" ಅಂದವರೇ ನಿಲ್ಲಿಸಿ ನನ್ನ ಮುಖ ನೋಡಿದರು.

"ಮುಂದೆ ಹೇಳಿ ಅಜ್ಜೀ."

"ನೀನು ಹೂಂ ಅನ್ನದೆ ಹೆಂಗೆ ಹೇಳೋದು? ನಾನೇನು ಗೋಡೆಗೆ ಕಥೆ ಹೇಳ್ತಿದೀನಾ?"

ಸರಿ, ಹೂಂ ಅಂದೆ. ಕಥೆ ಮುಗಿಯೋವರೆಗೂ ಅಂದೆ. ಆಮೇಲೆ ಹಾಕಿ ನೋಡಿದರೆ ರಾಜ, ರಾಣಿ, ಕುದುರೆ ಎಲ್ಲ ಎಲ್ಲೋ ಬಾವಿಯೊಳಗೆ. ಮೈಕು ನನ್ನ ಬಾಯಿಗೇ ಹತ್ತಿರ ಇತ್ತಲ್ಲ, ನನ್ನ ಹೂಂ ಮಾತ್ರ ಮನೆ ನಡುಗೋ ಹಾಗೆ. ಅಜ್ಜಿ ಪೂರಾ ಕೇಳಿ, "ಕಥೆ ಚಲೋ ಬಂದದೆ. ಮಧ್ಯೆ ಮಧ್ಯೆ ಕೂಗೋ ಆ ಎಮ್ಮೆ ಯಾರದ್ದು?" ಅಂದರು.

೨. ಮೌನ

ಆ ಅವಮಾನ ತಡೆಯಲಾರದೆ ಹೆಡ್‌ಫೋನ್ ತಂದೆ. ಮೈಕಿಗೆ ಕೇಳಿದ್ದೇ ನನ್ನ ಕಿವಿಗೂ ಕೇಳ್ತಿತ್ತು. ಒಂದೇ ದುರ್ಗುಣ ಅದಕ್ಕೆ: ಪಾಜ್ ಬಟನ್ ಒತ್ತಿ ಟೇಪು ನಿಂತಿದ್ದರೂ ಕಿವಿಯಲ್ಲಿ ಮಾತ್ರ ಎಲ್ಲ ಚೆಂದವಾಗಿ ಕೇಳ್ತಾನೇ ಇರ್ತದೆ.

ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿ ಒಂದು ಗೃಹಪ್ರವೇಶ. ಊಟ ಆದ ಮೇಲೆ ತಾಳಮದ್ದಳೆ, ಅಂದ್ರೆ ವೇಷ, ಕುಣಿತ ಇಲ್ಲದೆ ಕೂತಲ್ಲೇ ಅರ್ಥ ಹೇಳಿ ಮಾತಲ್ಲೇ ಸೆಣಸೋ ಯಕ್ಷಗಾನ. ಹೊಸನಗರದ ರಿಟೈರ್ಡ್ ಮೇಷ್ಟ್ರು ರಾಜ, ತೀರ್ಥಹಳ್ಳಿಯ ವಕೀಲರು ಸಂಧಾನಕ್ಕೆ ಬಂದ ದೂತ. ವಕೀಲರು ಕೇಳಿದರು: "ರಾಜಾ, ಬಂದವನಿಗೆ ಕೂರಲು ಆಸನ ಕೊಡಲಿಲ್ಲ ನೀನು. ಅತಿಥಿಸತ್ಕಾರ ತಿಳಿಯದವನು ರಾಜ್ಯ ಹೇಗೆ ಆಳುತ್ತೀ?"

ಮೇಷ್ಟ್ರು ಸುಮ್ಮನಾದರು. ಅಂಥ ಮಾತಿನ ಮಲ್ಲ, ಪೂರಾ ಸುಮ್ಮನೆ! ಆ ಮೌನದಲ್ಲಿ ಮದ್ದಳೆಯವರು ಕೆಮ್ಮಿದ್ದು, ಹಿಂದಿನಿಂದ ಯಾರೋ "ಬಿದ್ರು ಮೇಷ್ಟ್ರು" ಅಂದದ್ದು, ಎಲ್ಲ ನನ್ನ ಟೇಪಿಗೆ ಬಿತ್ತು. ಆಮೇಲೆ ವಕೀಲರ ನಗು: "ರಾಜ ಮೂಕನಾದನೇ?"

ಆ ಕ್ಯಾಸೆಟ್ಟಿಗೆ ಎಂಥ ಗಿರಾಕಿ ಅಂತೀರಿ! ಕಾಪಿ ಹಾಕಿ ಹಾಕಿ ಸುಸ್ತಾದೆ. ಒಂದು ಬೆಳಿಗ್ಗೆ ಮೇಷ್ಟ್ರೇ ಹೆಂಡತಿ ಸಮೇತ ಬಸ್ಸಿಳಿದು ಬಂದರು. ಪಾಪ, ಮುಖ ಸೊರಗಿಹೋಗಿತ್ತು.

"ಆ ಮೌನ ತೆಗೆದುಹಾಕು ಮಾರಾಯ. ನಮ್ಮೂರ ಹೋಟೆಲಿನವನು ದಿನಾ ಅದನ್ನೇ ಹಾಕ್ತಾನೆ. ನಾನು ಒಳಗೆ ಕಾಲಿಟ್ರೆ ಸಾಕು, ಅಲ್ಲಿರೋರೆಲ್ಲ ಬೇಕಂತ ಸುಮ್ಮನಾಗ್ತಾರೆ. ದೋಸೆ ತಿನ್ನೋದೇ ಬಿಟ್ಟೆ!"

೩. ಟೇಪಿನ ಜೊತೆ ವಾದ

ಮೇಷ್ಟ್ರಿಗೆ ಈಗ ಉತ್ತರ ಹೊಳೆದಿತ್ತಂತೆ. ಆ ಮೌನದ ಜಾಗದಲ್ಲಿ ಅದನ್ನು ಕೂರಿಸಬೇಕು. ನಾನು ಒಂದು ಟೇಪ್ ರೆಕಾರ್ಡರಿನಲ್ಲಿ ವಕೀಲರನ್ನು ಹಚ್ಚಿದೆ, ಇನ್ನೊಂದರಲ್ಲಿ ರೆಕಾರ್ಡ್ ಮಾಡಲು ಕೂತೆ. "ಮಧ್ಯ ನಿಲ್ಲಿಸ್ಬೇಡ, ಲಹರಿ ತಪ್ತದೆ" ಅಂತ ಮೇಷ್ಟ್ರ ಕಟ್ಟಪ್ಪಣೆ.

ವಕೀಲರ ಪ್ರಶ್ನೆ ಬಂತು. ಮೇಷ್ಟ್ರು ಶಲ್ಯ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ಗುರುಗಳನ್ನ ನೆನೆದು ಕೈಮುಗಿದರು, "ಎಲವೋ ದೂತನೇ" ಅನ್ನೋಷ್ಟರಲ್ಲಿ ಟೇಪಿನೊಳಗಿಂದ ನಗು: "ರಾಜ ಮೂಕನಾದನೇ?"

ಮತ್ತೆ ಹಾಕಿದೆ. ಮತ್ತೆ ಶಲ್ಯ, ಮತ್ತೆ ಗಂಟಲು, ಮತ್ತೆ ನಗು.

"ತಡೀರಿ ವಕೀಲರೇ, ಮಾತು ಮುಗಿಸೋಕೆ ಬಿಡಿ!" ಅಂತ ಮೇಷ್ಟ್ರು ಟೇಪ್ ರೆಕಾರ್ಡರಿಗೇ ಗದರಿದರು. ಬೆಂಚಿನ ಮೇಲೆ ಕೂತಿದ್ದ ಅವರ ಹೆಂಡತಿ, "ಪೀಠಿಕೆ ಬಿಟ್ಟು ಉತ್ತರ ಹೇಳಿ ಅಂದ್ರೆ" ಅಂದರು.

"ಪೀಠಿಕೆ ಇಲ್ದೆ ಅರ್ಥ ಹೇಳೋದಾ? ಈ ಟೇಪಿಗೆ ಮರ್ಯಾದೆ ಗೊತ್ತಿಲ್ಲ. ಆ ವಕೀಲರನ್ನೇ ಕರೆಸು. ಎದುರಿಗೆ ಮನುಷ್ಯ ಇರಬೇಕು!"

ನನಗೆ ಕೆಳದಿಯ ಅಜ್ಜಿ ನೆನಪಾದರು. ವಕೀಲರಿಗೆ ಹೇಳಿ ಕಳಿಸಿದೆ.

೪. ಮತ್ತೊಂದು ಸಲ

ಮುಂದಿನ ಭಾನುವಾರ ವಕೀಲರು ಬಂದರು. ಮೇಷ್ಟ್ರ ಹೆಂಡತಿ ಅದೇ ಬೆಂಚು ಹಿಡಿದಿದ್ದರು. ಬಸ್ಸಿಗೆ ಕಾಯ್ತಿದ್ದವರೆಲ್ಲ ಬಸ್ಸು ಬಿಟ್ಟು ಅಂಗಡಿ ಮುಂದೆ ನೆರೆದರು. ನಾನು ಹೆಡ್‌ಫೋನ್ ಏರಿಸಿಕೊಂಡು ಕಣ್ಣು ಮುಚ್ಚಿ ಕೂತೆ.

ವಕೀಲರು ಅದೇ ಪ್ರಶ್ನೆ ಕೇಳಿದರು. ಮೇಷ್ಟ್ರು ನಿಧಾನವಾಗಿ ಪೀಠಿಕೆ ಎಲ್ಲ ಮುಗಿಸಿ, "ಎಲವೋ ದೂತನೇ!" ಅಂತ ಧಡ್ ಅಂತ ಕೈ ಅಪ್ಪಳಿಸಿ, "ಆಸನ ಅತಿಥಿಗೆ. ನೀನು ಬಂದದ್ದು ಬೆದರಿಸಲು. ಬೆದರಿಸಲು ಬಂದವನಿಗೆ ಬಾಗಿಲು ತೆರೆದಿಟ್ಟಿದ್ದೇನಲ್ಲ, ಅದೇ ನನ್ನ ಸತ್ಕಾರ!" ಅಂದರು.

ಆಹಾ! ಚಪ್ಪಾಳೆಯೋ ಚಪ್ಪಾಳೆ. ವಕೀಲರು ಕೈಮುಗಿದು, "ಸೋತೆ ಮೇಷ್ಟ್ರೇ" ಅಂದರು. ಮೇಷ್ಟ್ರ ಕಣ್ಣಲ್ಲಿ ನೀರು. "ಹಾಕು ಮಾರಾಯ, ಕೇಳೋಣ!"

ಹಾಕಿದೆ. ಪ್ರಶ್ನೆ ಬಂತು, ಪೀಠಿಕೆ ಬಂತು, "ಎಲವೋ ದೂತನೇ" ಬಂತು, ಧಡ್ ಬಂತು. ಅಷ್ಟೇ. ಮುಂದೆ ಬರೀ ಸುರ್ ಅನ್ನೋ ಸದ್ದು. ಮೇಷ್ಟ್ರ ಕೈ ಅಪ್ಪಳಿಸಿದ್ದು ನನ್ನ ಪಾಜ್ ಬಟನ್ ಮೇಲೆ! ನನ್ನ ಕಿವಿಗೆ ಎಲ್ಲ ಕೇಳಿತ್ತು, ಟೇಪಿಗೆ ಏನೂ ಸಿಕ್ಕಿರಲಿಲ್ಲ.

"ಪರ್ವಾಗಿಲ್ಲ ಬಿಡಿ, ಇನ್ನೊಂದ್ ಸಲ ಮಾಡೋಣ," ಅಂದರು ವಕೀಲರು, ನಗ್ತಾ. ಆ ನಗು ನೋಡಿದಾಗಲೇ ನನಗೆ ಹೊಳೀಬೇಕಿತ್ತು.

ಈ ಸಲ ಮೇಷ್ಟ್ರನ್ನ ಕೈ ಎಟುಕದಷ್ಟು ದೂರ ಕೂರಿಸಿ, ಕಣ್ಣು ಬಿಟ್ಟುಕೊಂಡು, ಟೇಪು ತಿರುಗೋದನ್ನೇ ನೋಡ್ತಾ ಕೂತೆ. ಪ್ರಶ್ನೆ ಆಯ್ತು, ಪೀಠಿಕೆ ಆಯ್ತು, ಬಾಗಿಲಿನ ಉತ್ತರವೂ ಆಯ್ತು. ಆದರೆ ವಕೀಲರು ಅದನ್ನು ಆಗಲೇ ಒಂದು ಸಲ ಕೇಳಿಯಾಗಿತ್ತಲ್ಲ! ಮೆಲ್ಲಗೆ ಶುರುಮಾಡಿದರು: "ರಾಜಾ, ಧೈರ್ಯವಂತ ಬಾಗಿಲು ತೆರೆಯುವುದು ಬಂದವನು ಒಳಗೆ ಬರಲಿ ಅಂತ. ನೀನು ತೆರೆದದ್ದು ನಾನು ಬೇಗ ಹೊರಗೆ ಹೋಗಲಿ ಅಂತ. ಹಾಗಾದರೆ ಬೆದರಿದವನು ಯಾರು?"

ಮೇಷ್ಟ್ರು ಸುಮ್ಮನಾದರು. ಈ ಸಲ ಕೆಮ್ಮಿಲ್ಲ, ಪಿಸುಮಾತಿಲ್ಲ. ಅಷ್ಟು ಸ್ವಚ್ಛವಾದ ಮೌನ ನಾನು ಹುಟ್ಟಿದಾಗಿಂದ ರೆಕಾರ್ಡ್ ಮಾಡಿರಲಿಲ್ಲ.

ಬೆಂಚಿನಿಂದ ಅವರ ಹೆಂಡತಿ ಎದ್ದು ಬಂದರು. "ತಮ್ಮಾ, ನಂಗೊಂದು ಕಾಪಿ ಹಾಕ್ಕೊಡು. ಮದುವೆ ಆದಾಗಿಂದ ಇವರು ಸುಮ್ಮನಿದ್ದದ್ದನ್ನ ನಾನು ಕೇಳಿದ್ದು ಇವತ್ತೇ. ಮನೇಲಿ ಬೇಕಾದಾಗ ಹಾಕ್ಕೊಂಡು ಕೇಳ್ತೀನಿ."

ಮೇಷ್ಟ್ರು ಅವರ ಕಡೆ ತಿರುಗಿ ಬಾಯಿ ತೆರೆದರು. ಮಾತು ಬರಲಿಲ್ಲ. ಟೇಪು ಇನ್ನೂ ಓಡ್ತಾನೇ ಇತ್ತು.