ಹುನಗುಂದದಲ್ಲಿ ಅಂಡಮಾನಿನ ಸಾರು

ಅಡುಗೆ ಏನು ಮಹಾ ವಿದ್ಯೆ? ಒಲೆ ಹಚ್ಚುವುದು, ಕೈಗೆ ಸಿಕ್ಕದ್ದನ್ನು ಹಾಕುವುದು, ಮೇಲೆ ಕೊತ್ತಂಬರಿ ಉದುರಿಸುವುದು. ಇಷ್ಟೇ ಎಂದು ನಂಬಿದ್ದೆ ನಾನು!

ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಅಂಡಮಾನಿನವರು. ಹುನಗುಂದಕ್ಕೆ ಬಂದ ಒಂದೇ ವರ್ಷದಲ್ಲಿ ನಮ್ಮ ಮಾತನ್ನೇ ಕಲಿತರು. ಖಟಕ ರೊಟ್ಟಿ ಮುರಿಯುವ ಸದ್ದಿಗೆ ಮಾತ್ರ ಇನ್ನೂ ಬೆಚ್ಚುತ್ತಾರೆ. ಅವರು ರೊಟ್ಟಿ ಬಡಿಯುವುದನ್ನೂ, ಅದನ್ನು ನೋಡಿ ಅವ್ವ ನಿಟ್ಟುಸಿರು ಬಿಡುವುದನ್ನೂ ನಾನು ದಿನಾ ನಟಿಸಿ ತೋರಿಸುತ್ತಿದ್ದೆ. ಒಂದು ದಿನ ವೈನಿ ನಗಲಿಲ್ಲ.

"ನಮ್ಮ ಮನಿಯೊಳಗ ದಿನಾ ಮೀನು, ಕಾಯಿಹಾಲಿನ ಸಾರು ಇರ್ತಿತ್ತು," ಎಂದು ಕಣ್ಣೊರೆಸಿಕೊಂಡು ಸಾಲೆಗೆ ಪಾಠ ಹೇಳಲು ಹೋದರು.

ನನ್ನ ಎದೆ ಚುರುಕ್ಕೆಂದಿತು. ಸಂಜೆಯೊಳಗೆ ಆ ಸಾರು ಮಾಡಿ ವೈನಿಯನ್ನು ನಗಿಸತಕ್ಕದ್ದೆಂದು ಘನ ನಿರ್ಣಯ ಕೈಗೊಂಡೆ.

ಮೀನಿನ ಹೆಸರೆತ್ತಿದರೂ ಅವ್ವ ಪಾತ್ರೆ ತೊಳೆಯುತ್ತಾಳೆ. ಆದ್ದರಿಂದ ಸದರಿ ಹುದ್ದೆಗೆ ಬದನೆಕಾಯಿಯನ್ನು ನೇಮಿಸಲಾಯಿತು. ಇನ್ನು ತೆಂಗಿನಕಾಯಿ. ಮನೆಯಲ್ಲಿದ್ದದ್ದು ಒಣ ಕೊಬ್ಬರಿ. ಪೇಟೆಗೆ ಹೋಗಲು ಬಿಸಿಲು. ಹಿತ್ತಲಲ್ಲಿ ಹುಡುಕಿದರೆ, ನೀರಿನ ತೊಟ್ಟಿಯ ಹಿಂದೆ ಹಸಿ ಗೋಣಿಯಲ್ಲಿ ಸುತ್ತಿದ ಸಿಪ್ಪೆಸಹಿತ ಕಾಯಿ! ಕೆಡದಿರಲೆಂದು ವೈನಿಯೇ ತಂಪಿನಲ್ಲಿ ಇಟ್ಟಿದ್ದಾರೆ. ದ್ವೀಪದವರ ಜಾಣತನವೇ ಜಾಣತನ!

ಕೊಡಲಿ ಹಿಡಿದು ಅರ್ಧ ತಾಸು ಗುದ್ದಾಡಿದೆ. ಒಡೆಯಿತು. ಒಳಗೆ ಬೆಳ್ಳಗೆ, ದುಂಡಗೆ ಹೂವು!

"ಲೇ, ಕಾಯಾಗ ಹೂ ಬಂದೈತಿ!" ಅವ್ವ ಕೈಮುಗಿದಳು. ಒಡೆದ ಕಾಯಿಯಲ್ಲಿ ಹೂ ಕಂಡರೆ ನಮ್ಮಲ್ಲಿ ಭಾಳ ಶುಭ. "ನಿನ್ನ ಕೈಗುಣ ಛಲೋ ಐತಿ ಬಿಡು!"

"ನಾ ಯಾರ ಮಗ ಬೇ?" ಎಂದು ಮೀಸೆ ತಿರುವಿದೆ.

ಅವ್ವ ಹೂವಿಗೆ ಕುಂಕುಮ ಹಚ್ಚಿ ತಾಟಿನಲ್ಲಿಟ್ಟಳು. ಕಾಯಿಹಾಲು ಅರ್ಧ ಬಟ್ಟಲೂ ಬರಲಿಲ್ಲ. ಶೇಂಗಾ ಪುಡಿ ಸುರಿದೆ. ಗಂಟಾಯಿತು. ನೀರು ಸುರಿದೆ. ಬದನೆಕಾಯಿ ತೇಲಿತು. ದ್ವೀಪ ಸಿದ್ಧವಾಯಿತು!

ಸಂಜೆ ವೈನಿ ಬಂದವರೇ ತಾಟು ನೋಡಿ ನಿಂತರು.

"ಇದು ಎಲ್ಲಿತ್ತು?"

"ತೊಟ್ಟಿ ಹಿಂದ, ಗೋಣ್ಯಾಗರಿ ವೈನಿ. ಹೂ ಬಂದೈತಿ ನೋಡ್ರಿ!"

"ಹೂ ಅಲ್ಲ ತಮ್ಮಾ. ಮೊಳಕಿ ಒಡ್ಯಾಕತ್ತಿತ್ತು. ನಮ್ಮಪ್ಪ ಹಚ್ಚಿದ ಗಿಡದ ಕಾಯಿ ಅದು. ಆ ಗಿಡಾನೂ ಗಾಳಿಗೆ ಬಿತ್ತು, ಅಪ್ಪಾನೂ ಇಲ್ಲ. ಇಲ್ಲಿ ಹಚ್ಚಬೇಕಂತ ಊರಿಂದ ತಂದು ಮೂರು ತಿಂಗಳಿಂದ ನೀರು ಚಿಮುಕಿಸ್ತಿದ್ದೆ."

ಅವ್ವ ಕುಂಕುಮದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಕೊಡಲಿಯನ್ನು ಬಾಗಿಲ ಹಿಂದೆ ಸರಿಸಿದೆ. ಪೇಟೆ ಎಷ್ಟು ದೂರವಿತ್ತು? ಬಿಸಿಲು ನನ್ನನ್ನೇನು ಕರಗಿಸುತ್ತಿತ್ತೇ?

ವೈನಿ ಕುಂಕುಮ ಒರೆಸಿ, ಹೂವು ಮುರಿದು ಮೂವರಿಗೂ ಹಂಚಿದರು. "ತಿನ್ನು. ಸಣ್ಣಾಕಿ ಇದ್ದಾಗ ಅಪ್ಪ ಹಿಂಗ ಕೊಡ್ತಿದ್ದ."

ಸಿಹಿಯಾಗಿತ್ತು. ಸಾರನ್ನು ಎಮ್ಮೆಗೆ ಇಟ್ಟೆ. ಅದೂ ಮುಖ ತಿರುಗಿಸಿತು.

ಮರುದಿನ ಉರಿಬಿಸಿಲಲ್ಲೇ ಹೋಗಿ ಐದು ಕಾಯಿ ತಂದೆ. ಹಿತ್ತಲಲ್ಲಿ ಸಾಲಾಗಿ ಹೂತು, ಹದಿನೈದು ದಿನ ಭಕ್ತಿಯಿಂದ ನೀರು ಹಾಕಿದೆ. ಹದಿನಾರನೆಯ ದಿನ ವೈನಿ ಬಂದು ಒಂದನ್ನು ಕೆದರಿ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಡೆಯಲಾಗದೆ ಗೋಡೆ ಹಿಡಿದು ನಕ್ಕರು.

"ತಮ್ಮಾ, ಅಂಗಡ್ಯಾಗಿನ ಸುಲಿದ ಕಾಯಿ ಮೊಳಕಿ ಒಡಿಯಂಗಿಲ್ಲೋ!"

ಅಂತೂ ವೈನಿಯನ್ನು ನಗಿಸಿದೆ. ಈ ಸಲ ಯಾರನ್ನೂ ನಟಿಸಬೇಕಾಗಲಿಲ್ಲ. ನಾನು ನಾನಾಗಿದ್ದರೆ ಸಾಕಾಯಿತು!